ಕೂತು ಕೇಳಿದ ಡಾಕ್ಟರು

“ಆ ಡಾಕ್ಟರ ಮುಖ ನೋಡಿದರೇ ಅರ್ಧ ಕಾಯಿಲೆ ವಾಸಿಯಾಗುತ್ತೆ” ಅನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿಯೂ ಇದ್ದೇವೆ. ವಿಜ್ಞಾನ ಓದಿದವರಿಗೆ ಈ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಗುಣ ಮಾಡುವುದು ಔಷಧಿ, ಉಳಿದದ್ದೆಲ್ಲ ಮನಸ್ಸಿನ ಸಮಾಧಾನ ಅನ್ನುತ್ತಾರೆ. ಇವತ್ತು ನಾನು ಆ ಹಳೆಯ ಮಾತಿನ ಪರವಾಗಿ ಮಾತಾಡಲು ನಿಂತಿದ್ದೇನೆ. ರೋಗಿಗಳು ತಮ್ಮ ಡಾಕ್ಟರ ಬಗ್ಗೆ ಹೇಳುವುದನ್ನು ಬರೀ ಹೊಗಳಿಕೆ ಎಂದು ಬದಿಗಿಡದೆ, ಚಿಕಿತ್ಸೆಯ ಬಗ್ಗೆ ಸಿಕ್ಕ ಸಾಕ್ಷ್ಯ ಎಂದು ಓದಬೇಕು ಅನ್ನುವುದೇ ನನ್ನ ವಾದ.

ಆಸ್ಪತ್ರೆಯೊಂದರಲ್ಲಿ ರೋಗಿಗಳ ದೂರು, ಮೆಚ್ಚುಗೆ ಎರಡನ್ನೂ ಓದಿ ಉತ್ತರ ಬರೆಯುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಮೆಚ್ಚುಗೆಯ ಕಾಗದಗಳಲ್ಲಿ ಏನಿರುತ್ತದೆ ಗೊತ್ತೇ? ಔಷಧಿಯ ಹೆಸರು ಇರುವುದೇ ಇಲ್ಲ. ಎಂಥ ಕಷ್ಟದ ಆಪರೇಷನ್ ಆಗಿದ್ದರೂ ಅದರ ವಿವರ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಆಮೇಲೆ ಇಂಥ ಸಾಲುಗಳು ಬರುತ್ತವೆ: “ಎದೆಗೆ ಸ್ಟೆತಸ್ಕೋಪ್ ಇಡುವ ಮುಂಚೆ ಅದನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡರು.” “ರಿಪೋರ್ಟ್ ಬಂದ ಸಂಜೆಯೇ ಫೋನ್ ಮಾಡಿದರು, ಬೆಳಗಿನವರೆಗೆ ಕಾಯಿಸಲಿಲ್ಲ.” ಕಿವಿ ಮಂದವಾಗಿದ್ದ ಹಿರಿಯರೊಬ್ಬರು ಬರೆದಿದ್ದರು: “ಎಲ್ಲರೂ ನನ್ನ ಮಗಳ ಮುಖ ನೋಡಿಕೊಂಡು ನನ್ನ ಕಾಯಿಲೆಯ ವಿಷಯ ಮಾತಾಡುತ್ತಿದ್ದರು. ಇವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನನ್ನ ಜೊತೆಗೇ ಮಾತಾಡಿದರು.” ಮತ್ತೆ ಮತ್ತೆ ಕಾಣುವ ಮಾತೊಂದಿತ್ತು: ಕೂತು ಕೇಳಿದರು. ಬೇರೆ ಬೇರೆ ವಯಸ್ಸಿನವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು ಇದೇ ಮಾತನ್ನು ಬರೆಯುತ್ತಿದ್ದರು.

ಕೇಳುವುದರಿಂದಲೇ ಶುರು ಮಾಡೋಣ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಇಬ್ಬರು 74 ಭೇಟಿಗಳ ಧ್ವನಿಮುದ್ರಣ ಇಟ್ಟುಕೊಂಡು ಒಂದು ಸರಳ ವಿಷಯ ಅಳೆದರು. “ಏನು ತೊಂದರೆ?” ಎಂದು ಡಾಕ್ಟರು ಕೇಳುತ್ತಾರಲ್ಲ, ಅದಕ್ಕೆ ರೋಗಿ ಕೊಡುವ ಉತ್ತರವನ್ನು ಎಷ್ಟು ಹೊತ್ತಿಗೆ ತಡೆಯುತ್ತಾರೆ? ಸರಾಸರಿ 18 ಸೆಕೆಂಡಿಗೆ. ತಾವು ಹೇಳಬೇಕೆಂದುಕೊಂಡದ್ದನ್ನು ಪೂರ್ತಿ ಹೇಳಿದವರು ನೂರಕ್ಕೆ 23 ಜನ ಮಾತ್ರ. 1999ರಲ್ಲಿ ಬೇರೆಯವರು ಮತ್ತೆ ಅಳೆದಾಗ ಆ 18 ಸೆಕೆಂಡು 23 ಆಗಿತ್ತು, ಅಷ್ಟೆ.

18 ಸೆಕೆಂಡು ಅಂದರೆ ಎಷ್ಟು ಅಂತ ಇಲ್ಲೇ ನೋಡಿಬಿಡೋಣ. ಯಾರಾದರೂ ಗಡಿಯಾರ ನೋಡಿಕೊಳ್ಳಿ, ನಾನು ರೋಗಿ. “ತಲೆ ಸುತ್ತುತ್ತೆ ಡಾಕ್ಟ್ರೇ. ಒಂದು ತಿಂಗಳಿಂದ ಹೀಗೇ. ಮೊದಲು ನಿದ್ದೆಗೆಟ್ಟಿದ್ದಕ್ಕೆ ಇರಬಹುದು ಅಂತ ಸುಮ್ಮನಿದ್ದೆ. ಆಮೇಲೆ ಕಣ್ಣಿನದೇನೋ ಅಂದುಕೊಂಡು ಕನ್ನಡಕ ಬದಲಾಯಿಸಿದೆ, ಕಡಿಮೆ ಆಗಲಿಲ್ಲ. ಹೋದ ವಾರ ರಾತ್ರಿ ಎದ್ದಾಗ…” ಇಲ್ಲಿಗೆ ಮುಗಿಯಿತು. ಈಗ ಡಾಕ್ಟರು ಕೇಳುತ್ತಾರೆ: “ವಾಂತಿ ಬರೋ ಹಾಗಾಗುತ್ತಾ? ಕಿವಿಯಲ್ಲಿ ಶಬ್ದ ಬರುತ್ತಾ?” ಪ್ರಶ್ನೆಗಳಲ್ಲಿ ತಪ್ಪೇನಿಲ್ಲ, ಕೇಳಬೇಕಾದವೇ. ಆದರೆ ‘ರಾತ್ರಿ ಎದ್ದಾಗ’ ಅನ್ನುವುದು ಅಲ್ಲಿಗೇ ನಿಂತಿತು. ಒಮ್ಮೆ ನಿಂತ ಮಾತನ್ನು ಮತ್ತೆ ಎತ್ತಿಕೊಂಡು ಮುಗಿಸುವ ರೋಗಿಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಎಂದು ಅದೇ ಅಧ್ಯಯನ ಹೇಳುತ್ತದೆ. ಇನ್ನೊಂದು ವಿಷಯವನ್ನೂ ಅವರು ಕಂಡುಕೊಂಡರು: ರೋಗಿ ಮೊದಲು ಹೇಳಿದ ತೊಂದರೆಯೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂದೇನೂ ಇರಲಿಲ್ಲ.

ಈಗ ನಾನು ಹೇಳಿದ ತಲೆಸುತ್ತು ಕಲ್ಪನೆಯದಲ್ಲ. ಅದನ್ನು ಬರೆದು ಕಳಿಸಿದವರು ವಯಸ್ಸಾದ ಒಬ್ಬರು, ನಿವೃತ್ತರು. ಮೂರು ಕಡೆ ತೋರಿಸಿದ್ದರು. ಕಿವಿ ಪರೀಕ್ಷೆ ಆಗಿತ್ತು, ತಲೆಯ ಸ್ಕ್ಯಾನ್ ಆಗಿತ್ತು, ಬಿಪಿ ನೋಡಿ ಸರಿಯಾಗಿದೆ ಅಂದಿದ್ದರು. ನಾಲ್ಕನೆಯ ಡಾಕ್ಟರು, ಒಬ್ಬ ಯುವತಿ, ಪೆನ್ನು ಕೆಳಗಿಟ್ಟು “ಹೇಳಿ” ಅಂದರು, ಇವರು ನಿಲ್ಲಿಸುವವರೆಗೆ ಬಾಯಿ ತೆರೆಯಲಿಲ್ಲ. ರಾತ್ರಿ ಮೂತ್ರಕ್ಕೆಂದು ಎದ್ದಾಗ ಗೋಡೆ ಹಿಡಿದುಕೊಳ್ಳಬೇಕಾಯಿತು, ಎರಡು ಸಲ ಬಿದ್ದೇಬಿಟ್ಟಿದ್ದೆ ಅನ್ನುವ ಮಾತು ಆಗ ಹೊರಗೆ ಬಂತು. “ತಗೊಳ್ಳೋ ಮಾತ್ರೆ ಎಲ್ಲ ತಂದಿದ್ದೀರಾ?” ಎಂದು ಕೇಳಿ, ಚೀಲವನ್ನು ಮೇಜಿನ ಮೇಲೆ ಸುರಿಸಿ ಒಂದೊಂದನ್ನೇ ಬೇರೆ ಮಾಡಿದರು. ಬಿಪಿಗೆ ಎರಡು ಬಗೆಯ ಮಾತ್ರೆ, ಒಬ್ಬರು ಕೊಟ್ಟದ್ದು. ಪ್ರಾಸ್ಟೇಟ್ ತೊಂದರೆಗೆ ಇನ್ನೊಂದು, ಬೇರೆ ಡಾಕ್ಟರು ಕೊಟ್ಟದ್ದು. ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳು ರಕ್ತನಾಳಗಳನ್ನೂ ಸಡಿಲಿಸುತ್ತವೆ, ಅದರಿಂದ ಬಿಪಿ ಇನ್ನಷ್ಟು ಇಳಿಯಬಹುದು. ಆಮೇಲೆ ಅವರನ್ನು ಮಲಗಿಸಿ ಬಿಪಿ ನೋಡಿದರು. ಎದ್ದು ನಿಲ್ಲಲು ಹೇಳಿ, ಬೀಳದಂತೆ ಮೊಣಕೈ ಹಿಡಿದುಕೊಂಡೇ ಮತ್ತೆ ನೋಡಿದರು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಸಹಜವಲ್ಲ. ಇವರದು ಅದಕ್ಕಿಂತ ಬಹಳ ಇಳಿದಿತ್ತು. ಮಾತ್ರೆಗಳನ್ನು ಹೊಂದಿಸಿ ಕೊಟ್ಟರು, ಬೀಳುವುದು ನಿಂತಿತು.

ಆ ಕಾಗದದಲ್ಲಿ ಅವರು ಸ್ಕ್ಯಾನ್ ಮಾಡಿಸಿದವರನ್ನು ಬೈದಿರಲಿಲ್ಲ. “ನನ್ನ ಮೊಣಕೈ ಹಿಡಿದುಕೊಂಡಿದ್ದರು” ಎಂದು ಮಾತ್ರ ಎರಡು ಕಡೆ ಬರೆದಿದ್ದರು. ನಾವು ಓದುವಾಗ ಅದು ಅಕ್ಕರೆಯ ವಿಷಯ ಎನಿಸುತ್ತದೆ, ಅಕ್ಕರೆಯೇ ಹೌದು. ಅದರ ಜೊತೆಗೆ ಅಲ್ಲಿ ಒಂದು ರೋಗನಿರ್ಣಯವೂ ನಡೆದಿತ್ತು. ಈ ಎರಡನ್ನು ಬಿಡಿಸಿ ಬೇರೆ ಮಾಡಲು ನನಗಂತೂ ಆಗುವುದಿಲ್ಲ.

1975ರಲ್ಲಿ ಇಂಗ್ಲೆಂಡಿನಲ್ಲಿ ಹ್ಯಾಂಪ್ಟನ್ ಎಂಬ ವೈದ್ಯರೂ ಅವರ ಸಂಗಡಿಗರೂ ಹೊಸದಾಗಿ ಬಂದ 80 ಹೊರರೋಗಿಗಳ ವಿಷಯದಲ್ಲಿ ಇದನ್ನೇ ನೋಡಿದರು. ಕಳಿಸಿದ ವೈದ್ಯರ ಕಾಗದ ಓದಿ, ರೋಗಿಯ ಮಾತು ಕೇಳಿದಷ್ಟರಲ್ಲೇ 66 ಜನರ ಕಾಯಿಲೆ ಯಾವುದೆಂದು ಸರಿಯಾಗಿ ಗೊತ್ತಾಗಿತ್ತು. ಮೈ ಮುಟ್ಟಿ ನೋಡಿದ ಮೇಲೆ ಅಭಿಪ್ರಾಯ ಬದಲಾದದ್ದು 7 ಜನರಲ್ಲಿ, ಲ್ಯಾಬ್ ಪರೀಕ್ಷೆಯಿಂದ ಬದಲಾದದ್ದು ಇನ್ನು 7 ಜನರಲ್ಲಿ. ಅಂದಿನಿಂದ ಇಂದಿಗೆ ಯಂತ್ರಗಳು ಬಹಳ ಮುಂದುವರಿದಿವೆ, ನಿಜ. ಆದರೆ ಯಾವ ಪರೀಕ್ಷೆ ಬರೆಯಬೇಕು ಎಂದು ತೀರ್ಮಾನವಾಗುವುದು ಇವತ್ತಿಗೂ ಆ ಮೊದಲ ಮಾತಿನಿಂದಲೇ.

ಇಲ್ಲಿ ಕೂತಿರುವ ವೈದ್ಯಕೀಯ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬೇಕು, ಕೇಳುತ್ತೀರಿ ಅಂದುಕೊಂಡಿದ್ದೇನೆ: ಎಲ್ಲರನ್ನೂ ಹೀಗೆ ಮಾತಾಡಲು ಬಿಟ್ಟರೆ ಹೊರಗೆ ಸಾಲಿನಲ್ಲಿ ಇರುವವರ ಗತಿ ಏನು? ಇದನ್ನೂ ಅಳೆದಿದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಡಾಕ್ಟರುಗಳಿಗೆ, ರೋಗಿ ತಾನಾಗಿ ನಿಲ್ಲಿಸುವವರೆಗೆ ಮಧ್ಯೆ ಮಾತಾಡಬೇಡಿ ಎಂದು ಹೇಳಿಕೊಟ್ಟು, ಗುಟ್ಟಾಗಿ ಸಮಯ ನೋಡಿಸಿದರು. 335 ರೋಗಿಗಳು. 2002ರಲ್ಲಿ ಪ್ರಕಟವಾದ ಫಲಿತಾಂಶ: ಸರಾಸರಿ 92 ಸೆಕೆಂಡು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ತಾವಾಗಿಯೇ ಮುಗಿಸಿದ್ದರು. ಐದು ನಿಮಿಷ ಮೀರಿದವರು ಅಷ್ಟು ಜನರಲ್ಲಿ ಏಳೇ ಮಂದಿ, ಅವರು ಹೇಳಿದ್ದೂ ಬೇಕಾದ ವಿಷಯವೇ ಆಗಿತ್ತು ಎಂದು ಡಾಕ್ಟರುಗಳೇ ಒಪ್ಪಿಕೊಂಡರು. ಅದೂ ದೊಡ್ಡ ಆಸ್ಪತ್ರೆ, ಬೇರೆ ಕಡೆ ಗುಣವಾಗದೆ ಅಲ್ಲಿಗೆ ಬಂದ ಜಟಿಲ ಕಾಯಿಲೆಯವರೇ ಹೆಚ್ಚು. ನಾವು ಹೆದರುವಷ್ಟು ಹೊತ್ತು ರೋಗಿಗಳು ಮಾತಾಡುವುದಿಲ್ಲ.

ಕೂರುವ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಬೆನ್ನುಮೂಳೆಯ ಆಪರೇಷನ್ ಆದವರನ್ನು ನೋಡಲು ಬರುವ ಡಾಕ್ಟರು ಕೆಲವರ ಹತ್ತಿರ ನಿಂತು, ಕೆಲವರ ಹತ್ತಿರ ಕೂತು ಮಾತಾಡುವಂತೆ ಮಾಡಿದರು. 2012ರಲ್ಲಿ ಬಂದ ವರದಿ ಅದು. ಎರಡೂ ಕಡೆ ಕಳೆದ ಸಮಯ ಹೆಚ್ಚುಕಡಿಮೆ ಒಂದೇ, ಒಂದೂ ಕಾಲು ನಿಮಿಷದ ಆಸುಪಾಸು. ಆದರೆ ಕೂತು ಮಾತಾಡಿಸಿದವರನ್ನು ಕೇಳಿದರೆ, ಡಾಕ್ಟರು ಸುಮಾರು ಐದು ನಿಮಿಷ ಇದ್ದರು ಎಂದರು. ರೋಗಿ ಮಲಗಿರುತ್ತಾನೆ, ಅವನ ಕಣ್ಣಿಗೆ ಮೇಲಿನಿಂದ ಬಗ್ಗಿ ನೋಡುವ ಮುಖ ಬೇರೆ, ತನ್ನ ಮಟ್ಟಕ್ಕೆ ಇಳಿದು ಬಂದ ಮುಖ ಬೇರೆ.

ಇನ್ನು ಹೇಳುವ ವಿಷಯ. ಡಾಕ್ಟರು ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80 ಭಾಗ ರೋಗಿಗೆ ಕೂಡಲೇ ಮರೆತುಹೋಗುತ್ತದೆ ಎಂದು 2003ರ ಒಂದು ವಿಮರ್ಶಾ ಲೇಖನ ಹೇಳುತ್ತದೆ. ನೆನಪಿದೆ ಅಂದುಕೊಂಡದ್ದರಲ್ಲೂ ಹೆಚ್ಚುಕಡಿಮೆ ಅರ್ಧ ತಪ್ಪು. ಭಯದಲ್ಲಿರುವವರಿಗೆ ಮೊದಲ ವಾಕ್ಯ ಕೇಳಿಸುತ್ತದೆ, ಉಳಿದದ್ದು ಕಿವಿಯ ಮೇಲೆ ಬಿದ್ದು ಹೋಗುತ್ತದೆ. ಇದನ್ನು ತಿಳಿದ ಡಾಕ್ಟರು ಏನು ಮಾಡುತ್ತಾರೆ ಅಂದರೆ, “ಅರ್ಥ ಆಯ್ತಾ?” ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೂಂ ಅನ್ನುತ್ತಾರೆ. “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಗೆ ಹೋದ ಮೇಲೆ ಡಾಕ್ಟ್ರು ಏನಂದ್ರು ಅಂತ ಕೇಳಿದರೆ ಏನು ಹೇಳ್ತೀರಿ?” ಎಂದು ಕೇಳುತ್ತಾರೆ. ಆಗ ರೋಗಿ ತನ್ನ ಮಾತಿನಲ್ಲಿ ಹೇಳುತ್ತಾನೆ, ಎಲ್ಲಿ ತಪ್ಪಿತು ಎಂದು ಅಲ್ಲೇ ಗೊತ್ತಾಗುತ್ತದೆ. ನನ್ನ ತಾಯಿಯ ಪಿತ್ತಕೋಶದ ಆಪರೇಷನ್ ಮಾಡಿದ ಸರ್ಜನ್ ಹಿಂದಿನ ಸಂಜೆ ಒಂದು ಹಾಳೆಯ ಹಿಂಭಾಗದಲ್ಲಿ ಹೊಟ್ಟೆಯ ಚಿತ್ರ ಬರೆದು, ಎಲ್ಲಿ ತೂತು ಮಾಡುತ್ತಾರೆ, ಎದ್ದ ಮೇಲೆ ಭುಜ ನೋಯಬಹುದು, ಅದು ಹೊಟ್ಟೆಯೊಳಗೆ ತುಂಬಿದ ಗಾಳಿಯಿಂದ, ಹೆದರಬೇಡಿ ಎಂದು ಹೇಳಿದ್ದರು. ಮರುದಿನ ಭುಜ ನೋಯಿತು. ಅಮ್ಮ ನರ್ಸ್‌ಗೆ ಹೇಳಿದ್ದು: “ಇದು ಗೊತ್ತಿರೋದೇ ಬಿಡಮ್ಮಾ, ಡಾಕ್ಟ್ರು ಹೇಳಿದ್ರು.”

ಹೀಗೆ ಮುಂಚಿತವಾಗಿ ಹೇಳಿದರೆ ನೋವು ತಡೆದುಕೊಳ್ಳಲು ಬರುತ್ತದೆ ಅನ್ನುವುದಕ್ಕೆ 1964ರಷ್ಟು ಹಿಂದೆಯೇ ಪ್ರಯೋಗವಾಗಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞರು ಹೊಟ್ಟೆಯ ಆಪರೇಷನ್‌ಗೆ ಬಂದ 97 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್ ಆದ ಮೇಲೆ ನೋವು ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಹೊರಳಬೇಕು, ಹೇಗೆ ಉಸಿರಾಡಬೇಕು ಎಂದೆಲ್ಲ ವಿವರಿಸಿ, ಆಮೇಲೂ ಹೋಗಿ ಮಾತಾಡಿಸಿ ಬಂದರು. ಆ ಗುಂಪಿಗೆ ಬೇಕಾದ ನೋವಿನ ಮದ್ದು ಇನ್ನೊಂದು ಗುಂಪಿನ ಅರ್ಧದಷ್ಟು. ಸರಾಸರಿ 2.7 ದಿನ ಮುಂಚೆ ಅವರನ್ನು ಮನೆಗೆ ಕಳಿಸಿದರು, ಕಳಿಸಿದ ಸರ್ಜನ್‌ಗಳಿಗೆ ಯಾರು ಯಾವ ಗುಂಪಿನವರು ಎಂದು ಗೊತ್ತೇ ಇರಲಿಲ್ಲ. ಅಲ್ಲಿ ಹೆಚ್ಚಾಗಿ ಕೊಟ್ಟದ್ದು ಮಾತು ಮಾತ್ರ.

ಬಹುಕಾಲದ ಕಾಯಿಲೆಗಳಲ್ಲಿ ಇದರ ಗುಣ ಇನ್ನೂ ಚೆನ್ನಾಗಿ ಕಾಣುತ್ತದೆ. ಸಕ್ಕರೆ ಕಾಯಿಲೆಯ 891 ಜನರನ್ನೂ ಅವರನ್ನು ನೋಡುತ್ತಿದ್ದ 29 ಡಾಕ್ಟರುಗಳನ್ನೂ ಇಟ್ಟುಕೊಂಡು ನಡೆಸಿದ ಅಧ್ಯಯನವೊಂದು 2011ರಲ್ಲಿ ಬಂತು. ರೋಗಿಯ ಕಷ್ಟ ಅರಿಯುವ ಗುಣದಲ್ಲಿ ಹೆಚ್ಚು ಅಂಕ ಪಡೆದ ಡಾಕ್ಟರುಗಳ ರೋಗಿಗಳಲ್ಲಿ ನೂರಕ್ಕೆ 56 ಜನರ ಸಕ್ಕರೆ ಹತೋಟಿಯಲ್ಲಿತ್ತು. ಕಡಿಮೆ ಅಂಕ ಪಡೆದವರ ರೋಗಿಗಳಲ್ಲಿ 40 ಜನರದು. ಒಳ್ಳೆಯ ಡಾಕ್ಟರ ಹತ್ತಿರ ಶಿಸ್ತಿನ ರೋಗಿಗಳೇ ಸೇರಿಕೊಂಡಿರಬಹುದಲ್ಲ ಎಂದು ನೀವು ಕೇಳಬಹುದು, ಕೇಳುವುದು ನ್ಯಾಯವೇ. ಆದರೆ ಇದು ಹೇಗೆ ಆಗುತ್ತದೆ ಎಂದು ನಾನು ಕಾಗದಗಳಲ್ಲಿ ಕಂಡಿದ್ದೇನೆ. ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬ ಹೆಂಗಸು ಬರೆದಿದ್ದರು. ರಾತ್ರಿಯ ಸೂಜಿಯನ್ನು ಅವರು ವಾರಕ್ಕೆ ಎರಡು ಮೂರು ದಿನ ಬಿಟ್ಟುಬಿಡುತ್ತಿದ್ದರು, ನಿದ್ದೆಯಲ್ಲಿ ಸಕ್ಕರೆ ತೀರಾ ಇಳಿದು ಏಳದೇ ಹೋದರೆ ಎಂಬ ಭಯಕ್ಕೆ. ಹಿಂದಿನ ಡಾಕ್ಟರು ಬೈಯುತ್ತಾರೆಂದು ಹೇಳಿರಲಿಲ್ಲ. ರಿಪೋರ್ಟಿನಲ್ಲಿ ಸಕ್ಕರೆ ಜಾಸ್ತಿ ಕಂಡಾಗಲೆಲ್ಲ ಅವರು ಡೋಸ್ ಏರಿಸುತ್ತಾ ಹೋದರು. ಡೋಸ್ ಏರಿದಷ್ಟೂ ಈಕೆಗೆ ಭಯ ಹೆಚ್ಚಾಯಿತು, ಬಿಡುವ ದಿನಗಳೂ ಹೆಚ್ಚಾದವು. ಹೊಸ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: “ಸೂಜಿ ಬಿಟ್ಟುಹೋಗೋದು ಎಲ್ಲರಿಗೂ ಆಗುತ್ತೆ. ನಿಮಗೆ ಯಾವ ಹೊತ್ತಿನದು ಕಷ್ಟ?” ಆಕೆ ಅಲ್ಲೇ ಅತ್ತುಬಿಟ್ಟರಂತೆ. ಡೋಸ್ ಇಳಿಯಿತು, ಭಯ ಹೋಯಿತು, ಸೂಜಿ ದಿನವೂ ಬಿತ್ತು. ಬೈಗುಳಕ್ಕೆ ಹೆದರಿ ರೋಗಿ ಸುಳ್ಳು ಹೇಳಿದರೆ ಡಾಕ್ಟರು ಆ ಸುಳ್ಳಿಗೇ ಔಷಧಿ ಬರೆದುಕೊಡುತ್ತಾ ಹೋಗುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸಿಹಿಯಾಗಿ ಮಾತಾಡುವವರೆಲ್ಲ ಒಳ್ಳೆಯ ಡಾಕ್ಟರಲ್ಲ. ವೈರಸ್ಸಿನ ಜ್ವರಕ್ಕೆ, ಕೇಳಿದರು ಅನ್ನುವ ಕಾರಣಕ್ಕೇ ನಗುನಗುತ್ತಾ ಆಂಟಿಬಯಾಟಿಕ್ ಬರೆದುಕೊಟ್ಟರೆ ಅದು ಅಕ್ಕರೆಯಲ್ಲ. ‘ಇದಕ್ಕೆ ಆ ಮಾತ್ರೆ ಬೇಡ, ಇಂಥ ಲಕ್ಷಣ ಕಂಡರೆ ಕೂಡಲೇ ಬನ್ನಿ’ ಎಂದು ಕೂರಿಸಿ ಹೇಳುವುದು ಹೆಚ್ಚು ಶ್ರಮದ ಕೆಲಸ. ನಾನು ಹೇಳುತ್ತಿರುವ ಗಮನ ಅಂಥದ್ದು. ಕೆಲವೊಮ್ಮೆ ರೋಗಿಗೆ ಅದು ರುಚಿಸುವುದಿಲ್ಲ.

ಗುಣವಾಗದ ಕಾಯಿಲೆಯ ಮಾತು ಬಾರದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಸಾಯುವವರ ನೋವನ್ನು ಕಡಿಮೆ ಮಾಡಬೇಕೆಂದು ಮತ್ತೆ ಓದಿ 1957ರಲ್ಲಿ ಡಾಕ್ಟರಾದವರು. ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದವರ ಪಕ್ಕದಲ್ಲಿ ಕೂತು ಅವರು ಹೇಳುವುದನ್ನು ಟೇಪಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ನೋವಿನ ಬಗ್ಗೆ ಹೇಳಿ ಎಂದಾಗ ಒಬ್ಬ ಹೆಂಗಸು, ಬೆನ್ನಿನಲ್ಲಿ ಶುರುವಾಯಿತು, ಈಗ ನಾನು ಪೂರ್ತಿಯಾಗಿಯೇ ಕೆಟ್ಟುಹೋದ ಹಾಗಿದೆ ಎಂಬರ್ಥದ ಉತ್ತರ ಕೊಟ್ಟರು. ಮುಂದೆ ಮಾತ್ರೆಗಳ ಬಗ್ಗೆ, ಗಂಡ-ಮಗನ ಬಗ್ಗೆ, ಯಾರಿಗೂ ತನ್ನ ಕಷ್ಟ ಅರ್ಥವಾಗುತ್ತಿಲ್ಲ ಎನ್ನುವುದರ ಬಗ್ಗೆ ಹೇಳಿಕೊಂಡರು. ಇಂಥ ಮಾತುಗಳನ್ನು ಕೇಳಿ ಕೇಳಿಯೇ ಸಾಂಡರ್ಸ್ ‘ಸಮಗ್ರ ನೋವು’ ಎಂಬ ವಿಚಾರಕ್ಕೆ ಬಂದರು. ಮೈಯ ನೋವು, ಮನಸ್ಸಿನದು, ಮನೆಯವರ ಚಿಂತೆ, ಬದುಕಿಗೇನು ಅರ್ಥ ಎಂಬ ಸಂಕಟ, ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ ಎಂದರು. ನೋವು ಬಂದ ಮೇಲೆ ಬೇಡಿಕೊಂಡಾಗ ಮಾರ್ಫಿನ್ ಕೊಡುವುದನ್ನು ಬಿಟ್ಟು, ನೋವು ಮರಳುವ ಮುಂಚೆಯೇ ಹೊತ್ತಿಗೆ ಸರಿಯಾಗಿ ಕೊಡುವ ಕ್ರಮವನ್ನು ಗಟ್ಟಿಯಾಗಿ ನೆಲೆಗೊಳಿಸಿದರು. 1967ರಲ್ಲಿ ಲಂಡನ್ನಿನಲ್ಲಿ ಸಾಯುವ ಹಂತದಲ್ಲಿರುವವರ ಆರೈಕೆಗೆಂದು ಅವರು ತೆರೆದ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್‌ನಿಂದಲೇ, ಕಾಯಿಲೆ ಗುಣವಾಗದಿದ್ದರೂ ನೋವು ಇಳಿಸುವ ಇವತ್ತಿನ ಉಪಶಾಮಕ ಚಿಕಿತ್ಸೆ ಲೋಕದಲ್ಲೆಲ್ಲ ಹರಡಿದ್ದು. “ಇನ್ನೇನೂ ಮಾಡಲಾಗದು” ಎಂದು ಹೇಳಿ ಹೊರಗೆ ಹೋಗುವ ಡಾಕ್ಟರ ಬಗ್ಗೆ ಬಂದ ಕಾಗದಗಳೂ ನನ್ನ ಮೇಜಿಗೆ ಬಂದಿವೆ. ಅಂಥವು ವರ್ಷಗಳು ಕಳೆದ ಮೇಲೂ ಬರುತ್ತಿದ್ದವು, ತೀರಿಹೋದವರ ಮಕ್ಕಳು ಬರೆದವು. ಆ ಒಂದು ವಾಕ್ಯವನ್ನು ಯಾರೂ ಮರೆತಿರಲಿಲ್ಲ.

ಹಾಗಾದರೆ ಎಲ್ಲ ಡಾಕ್ಟರುಗಳೂ ಹೀಗೇಕಿಲ್ಲ? ಅವರ ಮನಸ್ಸು ಕಲ್ಲು ಎಂದು ನಾನು ನಂಬುವುದಿಲ್ಲ. 67 ದೇಶಗಳ ಲೆಕ್ಕ ನೋಡಿದ 2017ರ ಒಂದು ಅಧ್ಯಯನದ ಪ್ರಕಾರ, ಸಾಮಾನ್ಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್‌ನಲ್ಲಿ 22.5 ನಿಮಿಷ. ಲೋಕದ ಅರ್ಧದಷ್ಟು ಜನ ಇರುವ ದೇಶಗಳಲ್ಲಿ ಅದು ಐದು ನಿಮಿಷ ಅಥವಾ ಅದಕ್ಕಿಂತ ಕಡಿಮೆ. 48 ಸೆಕೆಂಡಿನಲ್ಲಿ 92 ಸೆಕೆಂಡಿನ ಮಾತು ಹಿಡಿಸುವುದು ಹೇಗೆ? ಇದು ಡಾಕ್ಟರ ಸ್ವಭಾವದ ಪ್ರಶ್ನೆ ಮಾತ್ರ ಅಲ್ಲ, ಎಷ್ಟು ಡಾಕ್ಟರುಗಳನ್ನು ನೇಮಿಸುತ್ತೇವೆ, ಅವರನ್ನು ಎಷ್ಟು ಹೊತ್ತು ದುಡಿಸುತ್ತೇವೆ ಎನ್ನುವ ಪ್ರಶ್ನೆ. ಇಡೀ ರಾತ್ರಿ ನಿದ್ದೆಗೆಟ್ಟು ವಾರ್ಡಿನಲ್ಲಿ ನಿಂತ ಯುವ ಡಾಕ್ಟರಿಂದ ತಾಳ್ಮೆ ಕೇಳುವ ಮುಂಚೆ, ಅವರಿಗೆ ಮಲಗಲು ಹೊತ್ತು ಕೊಡಿ ಎಂದು ಕೇಳಬೇಕು.

ಒಬ್ಬರೇ ಡಾಕ್ಟರ ಹತ್ತಿರ ವರ್ಷಗಟ್ಟಲೆ ಹೋಗುವುದರಿಂದಲೂ ಈ ಸಮಯದ ಕೊರತೆ ಒಂದಿಷ್ಟು ನೀಗುತ್ತದೆ, ನಿಮ್ಮ ಕಥೆಯನ್ನು ಪ್ರತಿ ಸಲ ಮೊದಲಿಂದ ಹೇಳಬೇಕಾಗುವುದಿಲ್ಲ. ನಾರ್ವೆಯ 45 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ 2022ರ ಅಧ್ಯಯನದಲ್ಲಿ, ಒಂದೇ ಕುಟುಂಬ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ, ಒಂದೇ ವರ್ಷ ಇದ್ದವರಿಗೆ ಹೋಲಿಸಿದರೆ, ಸಾವಿನ ಸಂಭವ ಸುಮಾರು ನೂರಕ್ಕೆ 25ರಷ್ಟು ಕಡಿಮೆ ಇತ್ತು. ಆದ್ದರಿಂದ ನಿಮ್ಮ ಮಾತು ಕೇಳುವ ಡಾಕ್ಟರು ಸಿಕ್ಕಿದ್ದರೆ, ಸಣ್ಣ ಕಾರಣಕ್ಕೆ ಬದಲಾಯಿಸಬೇಡಿ.

ಮತ್ತೆ, ಅವರ ಬಗ್ಗೆ ಬರೆಯಿರಿ. ‘ಒಳ್ಳೆಯ ಡಾಕ್ಟರು, ದೇವರಂಥವರು’ ಎಂದು ಬರೆದ ಕಾಗದಗಳನ್ನು ನಾನು ಸಂತೋಷದಿಂದ ಓದಿದ್ದೇನೆ, ಆದರೆ ಅದರಿಂದ ಹೊಸ ಡಾಕ್ಟರಿಗೆ ಕಲಿಯಲು ಏನೂ ಸಿಗುವುದಿಲ್ಲ. ಅವರು ಏನು ಮಾಡಿದರು ಎಂದು ಬರೆಯಿರಿ. ಎಲ್ಲಿ ಕೂತರು, ಏನು ಕೇಳಿದರು, ಯಾವ ಮಾತಿಗೆ ನಿಮ್ಮ ಭಯ ಇಳಿಯಿತು ಎಂದು ಬರೆಯಿರಿ. ನರ್ಸ್‌ಗಳ ಬಗ್ಗೆಯೂ ಬರೆಯಿರಿ, ಅವರಿಗೆ ಬರುವ ಕಾಗದಗಳು ತೀರಾ ಕಡಿಮೆ. ತಾರೀಖು ಮತ್ತು ವಿಭಾಗದ ಹೆಸರು ಹಾಕಲು ಮರೆಯಬೇಡಿ, ಅದಿಲ್ಲದಿದ್ದರೆ ಕಾಗದ ಆ ಡಾಕ್ಟರ ಕೈಗೆ ಹೋಗಿ ಮುಟ್ಟುವುದಿಲ್ಲ.